ಸಹಿ ಹಾಕೋರು ಯಾರು?

ನಮ್ಮ ಸೋದರಮಾವ ಸಣ್ಣ ಕಂಟ್ರಾಕ್ಟರು. ಚರಂಡಿ, ಮೋರಿ, ಶಾಲೆ ಕಾಂಪೌಂಡು, ಇಂಥವೇ ಕೆಲಸ. ಒಮ್ಮೆ ಸರ್ಕಾರಿ ಸಂಸ್ಥೆಯೊಂದರ ಪೈಪ್‌ಲೈನ್ ಹಾಕಲು ಅಗೆಯುತ್ತಾ ಹೋದಾಗ ಗಟ್ಟಿ ಬಂಡೆ ಸಿಕ್ಕಿತು. ಎಸ್ಟಿಮೇಟ್‌ನಲ್ಲಿದ್ದದ್ದು ಮಣ್ಣು ಅಗೆಯುವ ರೇಟು. ಸ್ಥಳಕ್ಕೆ ಬಂದ ಇಂಜಿನಿಯರ್, "ಕೆಲಸ ನಿಲ್ಲಿಸಬೇಡಿ, ಆಮೇಲೆ ನೋಡೋಣ" ಅಂದರು. ಎಂ.ಬಿ. ಪುಸ್ತಕದಲ್ಲಿ ಮಾತ್ರ ಬಂಡೆ ಅಂತ ಬರೆಯಲಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಅವರಿಗೆ ವರ್ಗ ಆಯಿತು. ಹೊಸಬರು, "ನಾನು ನೋಡಿಲ್ಲವಲ್ಲ ಸ್ವಾಮಿ" ಅಂದರು. ಸುಳ್ಳೇನಲ್ಲ, ಅವರು ನೋಡಿರಲಿಲ್ಲ. ಫೈನಲ್ ಬಿಲ್ ಬೇಕಿದ್ದರೆ ಇನ್ನೇನೂ ಬಾಕಿ ಇಲ್ಲ ಅಂತ ಬರೆದುಕೊಡಿ ಅಂತಲೂ ಹೇಳಿದರು. ಮಾವ ಬರೆದುಕೊಟ್ಟರು. ಕೂಲಿಯವರು ಮನೆ ಬಾಗಿಲಿಗೆ ಬಂದಿದ್ದರು.

ಕೇಂದ್ರದ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಹೊರಡಿಸಿದ ಮಾರ್ಗಸೂಚಿ ಓದುವಾಗ ಆ ಬಂಡೆ ಮತ್ತೆ ನೆನಪಾಯಿತು. ಅದು ಹೇಳೋದು ಇಷ್ಟು: ಸರ್ಕಾರಿ ಖರೀದಿ ಮತ್ತು ಕಾಮಗಾರಿ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ರೂಢಿಯಂತೆ ಸೇರಿಸಬೇಡಿ. ಸೇರಿಸಿದರೂ 10 ಕೋಟಿಗಿಂತ ಕಡಿಮೆ ಮೌಲ್ಯದ ತಕರಾರಿಗೆ ಮಾತ್ರ ಇರಲಿ. ಅದಕ್ಕಿಂತ ದೊಡ್ಡದಕ್ಕೆ ಬೇಕೆಂದರೆ ಮೇಲಧಿಕಾರಿಗಳ ಅನುಮತಿ ತನ್ನಿ. ಇಲ್ಲವಾದರೆ ಮೀಡಿಯೇಷನ್, ಅದೂ ಆಗದಿದ್ದರೆ ಕೋರ್ಟು.

ಕೊಟ್ಟಿರುವ ಕಾರಣಗಳಲ್ಲಿ ಕೆಲವು ನಿಜ. ಬೇಗ ಮುಗಿಯಲಿ ಅಂತ ತಂದ ಆರ್ಬಿಟ್ರೇಷನ್ ಬೇಗ ಮುಗೀತಿಲ್ಲ. ಖರ್ಚು ಜಾಸ್ತಿ. ತೀರ್ಪು ಬಂದರೂ ಅಲ್ಲಿಗೆ ನಿಲ್ಲೋದಿಲ್ಲ, ಕೋರ್ಟಿಗೆ ಹೋಗೇ ಹೋಗುತ್ತೆ. ಆದರೆ ಆ ಕೋರ್ಟಿಗೆ ಹೋಗೋರು ಯಾರು ಅಂತ ಕೇಳಿದರೆ, ಬಹಳಷ್ಟು ಸಲ ಸೋತ ಸರ್ಕಾರಿ ಸಂಸ್ಥೆಯೇ. ತಾನೇ ಎಳೆದದ್ದಕ್ಕೆ ಆರ್ಬಿಟ್ರೇಷನ್ ಉದ್ದವಾಯಿತು ಅಂತ ದೂರಿದರೆ ಹೇಗೆ?

ಈ ಮಾರ್ಗಸೂಚಿಯ ಹಿಂದೆ ಯಾವ ಕೇಸು ಓಡಾಡುತ್ತಿತ್ತು ಅಂತ ಊಹಿಸೋದು ಕಷ್ಟವಲ್ಲ (ಇದು ನನ್ನ ಊಹೆ, ಅದರಲ್ಲಿ ಹಾಗೇನೂ ಬರೆದಿಲ್ಲ). ದೆಹಲಿ ಏರ್‌ಪೋರ್ಟ್ ಮೆಟ್ರೋ. 2008ರ ಕರಾರು. 2012ರಲ್ಲಿ ಖಾಸಗಿ ಕಂಪನಿ, ಮಾರ್ಗದ ನಿರ್ಮಾಣದಲ್ಲೇ ದೋಷ ಇದೆ ಅಂತ ಕರಾರು ಮುರಿಯಿತು. 2017ರಲ್ಲಿ ಆರ್ಬಿಟ್ರೇಷನ್ ತೀರ್ಪು ಕಂಪನಿಯ ಪರ, 2,782 ಕೋಟಿ ಮತ್ತು ಮೇಲೆ ಬಡ್ಡಿ. ಹೈಕೋರ್ಟಿನ ಏಕಸದಸ್ಯ ಪೀಠ ಎತ್ತಿಹಿಡಿಯಿತು, 2019ರಲ್ಲಿ ವಿಭಾಗೀಯ ಪೀಠ ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು, ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಮುಗೀತು ಅಂದುಕೊಂಡರೆ, 2024ರ ಏಪ್ರಿಲ್ 10ರಂದು ಕ್ಯೂರೇಟಿವ್ ಅರ್ಜಿಯಲ್ಲಿ ಅದೇ ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನೇ ತಳ್ಳಿಹಾಕಿತು. ಬಡ್ಡಿ ಸೇರಿ ಮೊತ್ತ ಸುಮಾರು 8,000 ಕೋಟಿ ತಲುಪಿತ್ತು. ಎರಡು ತಿಂಗಳೊಳಗೆ ಈ ಮಾರ್ಗಸೂಚಿ ಬಂತು. ಯಾರ ಪರ ನ್ಯಾಯ ಇತ್ತು ಅನ್ನೋದು ಬೇರೆ ಮಾತು. ಕರಾರು ಮುರಿದು ಹನ್ನೊಂದು ವರ್ಷ ದಾಟಿದ ಮೇಲೂ ಯಾರಿಗೂ ಉತ್ತರ ಗೊತ್ತಿರಲಿಲ್ಲ ಅಂದರೆ, ಬ್ಯಾಂಕುಗಳು ಇಂಥ ಯೋಜನೆಗೆ ಯಾವ ಧೈರ್ಯದ ಮೇಲೆ ಸಾಲ ಕೊಡಬೇಕು?

ಈಗ ಮಾರ್ಗಸೂಚಿಯ ಇನ್ನೊಂದು ಮಾತಿಗೆ ಬರೋಣ. ಸರ್ಕಾರಿ ಅಧಿಕಾರಿಗಳು ವರ್ಗವಾಗುತ್ತಾ ಇರ್ತಾರೆ, ಹಾಗಾಗಿ ಖಾಸಗಿಯವರಂತೆ ಕೇಸನ್ನು ಗಟ್ಟಿಯಾಗಿ ಮಂಡಿಸೋಕೆ ಆಗಲ್ಲ ಅಂತ ಅದೇ ಒಪ್ಪಿಕೊಳ್ಳುತ್ತೆ. ಪಾಪ, ಪ್ರಾಮಾಣಿಕ ಮಾತು. ಆದರೆ ಇದಕ್ಕೆ ಮದ್ದು ಆರ್ಬಿಟ್ರೇಷನ್ ಕಿತ್ತುಹಾಕೋದಾ? ಕೋರ್ಟಿನಲ್ಲಿ ಮಾತ್ರ ಅಧಿಕಾರಿಗಳು ವರ್ಗವಾಗದೆ ಕೂತಿರ್ತಾರಾ? ಸೋತಾಗಲೆಲ್ಲ ಯಾಂತ್ರಿಕವಾಗಿ ಮೇಲ್ಮನವಿ ಹಾಕಬೇಡಿ ಅಂತಲೂ ಅದರಲ್ಲಿ ಬುದ್ಧಿಮಾತಿದೆ. ಅದನ್ನು ಪಾಲಿಸೋ ಅಧಿಕಾರಿಯ ಜಾಗದಲ್ಲಿ ಒಂದು ಕ್ಷಣ ಕೂತು ನೋಡಿ. 5 ಕೋಟಿ ಕೊಟ್ಟು ರಾಜಿ ಮಾಡಿಕೊಂಡರೆ ಆಡಿಟ್ ಪ್ಯಾರಾ, ವಿಜಿಲೆನ್ಸ್ ಪತ್ರ, ನಿವೃತ್ತಿಯಾದ ಮೇಲೂ ವಿಚಾರಣೆ. ಮೇಲ್ಮನವಿ ಹಾಕಿ ಹತ್ತು ವರ್ಷದ ನಂತರ ಬಡ್ಡಿ ಸೇರಿ 12 ಕೋಟಿ ಕಟ್ಟಿದರೆ ಯಾರೂ ಕೇಳೋರಿಲ್ಲ, ಕೋರ್ಟ್ ಆದೇಶ ಅಲ್ವಾ? ನಾನೂ ನೀವೂ ಆ ಕುರ್ಚಿಯಲ್ಲಿದ್ದರೆ ಮೇಲ್ಮನವಿಯನ್ನೇ ಹಾಕ್ತಿದ್ವಿ.

ಇದಕ್ಕೆ ಸಾಕ್ಷಿ ಬೇಕಿದ್ದರೆ 2023ರ 'ವಿವಾದ್ ಸೆ ವಿಶ್ವಾಸ್' ಎರಡನೇ ಯೋಜನೆ ನೋಡಿ. ಕೋರ್ಟಿನಲ್ಲಿ ಗೆದ್ದ ಕಂಟ್ರಾಕ್ಟರಿಗೆ ಗರಿಷ್ಠ ಶೇ. 85, ಆರ್ಬಿಟ್ರೇಷನ್‌ನಲ್ಲಿ ಗೆದ್ದವರಿಗೆ ಗರಿಷ್ಠ ಶೇ. 65. 500 ಕೋಟಿವರೆಗಿನ ಕ್ಲೇಮು ನಿಯಮಕ್ಕೆ ಹೊಂದಿದರೆ ಇಲಾಖೆ ಒಪ್ಪಲೇಬೇಕು. ಯಾರ ವಿವೇಚನೆಯೂ ಬೇಡ, ಕ್ಯಾಲ್ಕುಲೇಟರ್ ಸಾಕು. ಸಹಿ ಮಾಡೋರ ಭಯವನ್ನು ಸರ್ಕಾರ ಚೆನ್ನಾಗೇ ಅರ್ಥ ಮಾಡಿಕೊಂಡಿತ್ತು ಅಂತ ಇದರಿಂದ ಗೊತ್ತಾಗುತ್ತೆ. ಆದರೆ ಆ ಭಯದ ಬೆಲೆಯನ್ನು ಗೆದ್ದವನ ಜೇಬಿನಿಂದ ವಸೂಲಿ ಮಾಡಿತು. ಇನ್ನು ಮೀಡಿಯೇಷನ್ ಅಂದರೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡೋದು. ಬಿಟ್ಟುಕೊಟ್ಟೆ ಅಂತ ಬರೆದು ಸಹಿ ಹಾಕೋ ಅಧಿಕಾರಿಯನ್ನು ಎಲ್ಲಿಂದ ತರ್ತಾರೆ? ಉನ್ನತ ಸಮಿತಿ ಮಾಡಿ, ಅದರಲ್ಲಿ ನಿವೃತ್ತ ನ್ಯಾಯಾಧೀಶರನ್ನು ಕೂರಿಸಿ ಅಂತ ಮಾರ್ಗಸೂಚಿ ದಾರಿ ತೋರಿಸುತ್ತೆ. ಸಮಿತಿ ಹೇಳಿದ ಮೇಲೂ ಫೈಲಿನ ಕೊನೆಯಲ್ಲಿ ಒಬ್ಬರು ಇಂಕು ಹಚ್ಚಲೇಬೇಕು. ಸದುದ್ದೇಶದಿಂದ ರಾಜಿ ಮಾಡಿಕೊಂಡವರನ್ನು ಹತ್ತು ವರ್ಷದ ನಂತರ ಯಾರೂ ಎಬ್ಬಿಸಿ ಕೇಳೋದಿಲ್ಲ ಅನ್ನೋ ಭರವಸೆಯನ್ನು ಯಾವ ಮಾರ್ಗಸೂಚಿಯೂ ಕೊಡಲಾರದು. ಅದಕ್ಕೆ ಕಾನೂನೇ ಬೇಕು, ಆಡಿಟ್‌ನವರೂ ಅದನ್ನು ಒಪ್ಪಬೇಕು.

10 ಕೋಟಿಯ ಗೆರೆಯಿಂದ ಸಣ್ಣವರು ಬಚಾವ್ ಅಂತ ಕೆಲವು ಗೆಳೆಯರು ವಾದಿಸಿದರು. ಕಾಗದದ ಮೇಲೆ ಹೌದು. ಆದರೆ ಆರ್ಬಿಟ್ರೇಷನ್ ಫೀಸು ಕಟ್ಟಿ, ಗೆದ್ದು, ಆಮೇಲೆ ಮೇಲ್ಮನವಿ ಮುಗಿಯೋವರೆಗೆ ಕಾಯೋ ತಾಕತ್ತು ಎಷ್ಟು ಜನ ಸಣ್ಣವರಿಗಿದೆ? ಗೆದ್ದ ಮೊತ್ತದ ಶೇ. 75ನ್ನು ಬ್ಯಾಂಕ್ ಗ್ಯಾರಂಟಿ ಪಡೆದು ಕೊಡಬೇಕು ಅಂತ ಕೇಂದ್ರದ ನಿಯಮ ಇದೆ. ಆ ಗ್ಯಾರಂಟಿ ಕೊಡೋಕೆ ಬ್ಯಾಂಕು ಕೇಳೋದು ಮನೆ ಪತ್ರ.

ಮಾವ ಈಗಲೂ ಸರ್ಕಾರಿ ಕೆಲಸ ಮಾಡ್ತಾರೆ. ಬಂಡೆ ಸಿಕ್ಕ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು, ತಾರೀಖು ಕಾಣೋ ಹಾಗೆ ಇಂಜಿನಿಯರಿಗೆ ವಾಟ್ಸಾಪ್ ಮಾಡ್ತಾರೆ. ಎರಡು ನೀಲಿ ಗೆರೆ ಬರುತ್ತೆ. ಉತ್ತರ ಇನ್ನೂ ಯಾವತ್ತೂ ಬಂದಿಲ್ಲವಂತೆ.