ಸತ್ತವರ ಹೆಸರು, ಉಳಿದವರ ಋಣ: ವೀರಗಲ್ಲು ಮತ್ತು ಯುದ್ಧಸ್ಮಾರಕಗಳ ಪಠ್ಯವಿಮರ್ಶೆ

ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ಸಂದರ್ಭಗಳಲ್ಲಿ ಕನ್ನಡದ ಭಾಷಣಗಳೂ ಲೇಖನಗಳೂ ವೀರಗಲ್ಲುಗಳ ಪ್ರಸ್ತಾಪದಿಂದಲೇ ಆರಂಭವಾಗುವುದು ರೂಢಿ. ಸಾವಿರ ವರ್ಷಗಳ ಹಿಂದೆಯೇ ಈ ನಾಡು ತನ್ನ ವೀರರಿಗೆ ಕಲ್ಲು ನಿಲ್ಲಿಸಿತ್ತು, ಇಂದಿನ ಯುದ್ಧಸ್ಮಾರಕ ಅದೇ ಪರಂಪರೆಯ ಮುಂದುವರಿಕೆ ಎಂಬ ಮಾತು ಎಷ್ಟು ಸಹಜವಾಗಿ ಬಂದುಬಿಡುತ್ತದೆಂದರೆ, ಅದನ್ನು ಪರಿಶೀಲಿಸುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಎರಡೂ ಕಲ್ಲಿನವು, ಎರಡರಲ್ಲೂ ಹೆಸರುಗಳಿವೆ ಎಂಬಷ್ಟಕ್ಕೆ ಹೋಲಿಕೆ ನಿಂತುಹೋಗುತ್ತದೆ. ಆದರೆ ವೀರಗಲ್ಲೂ ಯುದ್ಧಸ್ಮಾರಕವೂ ಮೊದಲಿಗೆ ಪಠ್ಯಗಳು. ಯಾರು ಬರೆಯಿಸಿದರು, ಯಾರಿಗಾಗಿ ಬರೆಯಿಸಿದರು, ಏನನ್ನು ಹೇಳಿ ಏನನ್ನು ಬಿಟ್ಟರು ಎಂಬ ಪ್ರಶ್ನೆಗಳನ್ನು ಎರಡಕ್ಕೂ ಕೇಳಬೇಕು. ಕೇಳಿದಾಗ ಮುಂದುವರಿಕೆಗಿಂತ ಹೆಚ್ಚಾಗಿ ಒಂದು ಕಡಿತ ಕಾಣುತ್ತದೆ. ಆ ಕಡಿತದಲ್ಲಿ ಕೈಬಿಟ್ಟುಹೋದದ್ದೇನು, ಗಳಿಸಿದ್ದೇನು ಎಂಬುದರ ಲೆಕ್ಕ ಇನ್ನೂ ಸರಿಯಾಗಿ ಆಗಿಲ್ಲ.

ವೀರಗಲ್ಲಿನ ಸಾಮಾನ್ಯ ರೂಪ ಎಲ್ಲರಿಗೂ ತಿಳಿದದ್ದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಶಾಸನಪಾಠವಿದ್ದರೆ ಅದರ ಭಾಷೆ ಬಹುಮಟ್ಟಿಗೆ ಬಿಗಿಯಾದದ್ದು. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂದು ಕಾಳಗದ ಕಾರಣವನ್ನು ಹೆಸರಿಸುತ್ತದೆ. ಎದುರಾಳಿ ಯಾರೆಂಬುದನ್ನು ಎಷ್ಟೋ ವೇಳೆ ಹೇಳುತ್ತದೆ. ‘ಕಾದಿ ಸತ್ತ’, ‘ಇರಿದು ಸತ್ತ’ ಎಂದು ಸಾವನ್ನು ಸಾವೆಂದೇ ಕರೆಯುತ್ತದೆ. ಸುರಲೋಕದ ಮಾತು ಅದರ ಅನಂತರ ಬರುತ್ತದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982), ಅದೇ ವರ್ಷ ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಇಂಗ್ಲಿಷ್ ಸಂಪುಟ ಇವು ಈ ಸಾಮಗ್ರಿಯನ್ನು ವ್ಯವಸ್ಥಿತವಾಗಿ ಓದುವ ದಾರಿಯನ್ನು ತೆರೆದವು. ಆದರೂ ಸಾರ್ವಜನಿಕ ನೆನಪಿನಲ್ಲಿ ವೀರಗಲ್ಲು ಉಳಿದಿರುವುದು ಶೌರ್ಯದ ಚಿತ್ರವಾಗಿ ಮಾತ್ರ. ಅದು ಒಂದು ಋಣಪತ್ರವೂ ಹೌದೆಂಬುದು ಮರೆತುಹೋಗಿದೆ.

ಹಳಗನ್ನಡದ ಯೋಧಜೀವನದಲ್ಲಿ ಎರಡು ಋಣಗಳ ಮಾತಿದೆ. ಒಂದು ಜೋಳವಾಳಿ: ಒಡೆಯನ ಜೋಳ ಉಂಡವನು ಒಡೆಯನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟು. ಇನ್ನೊಂದು ಅದರ ಮರುಮುಖ: ಪ್ರಾಣ ಕೊಟ್ಟವನ ಮನೆಗೆ ಒಡೆಯನೂ ಊರೂ ಸಲ್ಲಿಸಬೇಕಾದದ್ದು. ನೆತ್ತರುಕೊಡಗೆ, ಕಲ್ನಾಡು, ಬಾಳ್ಗಳ್ಚು ಎಂಬ ಪದಗಳು ಈ ಎರಡನೆಯ ಋಣಕ್ಕೆ ಸೇರಿದವು. ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು. ರಕ್ತಸಿಕ್ತವಾದ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಕ್ರಿ.ಶ. ಸುಮಾರು 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನವೇ ಇಂಥ ಬಾಳ್ಗಳ್ಚಿನ ದಾಖಲೆ. ಕನ್ನಡ ಭಾಷೆಯ ಮೊದಲ ಹೆಮ್ಮೆಯೆಂದು ಕೊಂಡಾಡುವ ಶಿಲೆ, ಯೋಧನೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಲೆಕ್ಕವಾಗಿತ್ತೆಂಬುದು ಸಣ್ಣ ಸಂಗತಿಯಲ್ಲ.

ಬೇಗೂರಿನ ವೀರಗಲ್ಲಿನಲ್ಲಿ ಈ ಲೆಕ್ಕ ಸ್ಪಷ್ಟವಾಗಿದೆ. ವೀರಮಹೇಂದ್ರನ ವಿರುದ್ಧ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಆನೆಗಳೊಡನೆ ಹೋರಾಡಿ ಸತ್ತನು. ಸುದ್ದಿ ತಿಳಿದ ಗಂಗದೊರೆ ಎರೆಯಪ ನಾಗತ್ತರಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಕಲ್ಲಿನ ಮೇಲಿನ ಯುದ್ಧದೃಶ್ಯ ಎಷ್ಟು ಪ್ರಸಿದ್ಧವೋ ಅದರ ಈ ಭಾಗ ಅಷ್ಟೇ ಉಪೇಕ್ಷಿತ. ಶಿಲ್ಪ ಸತ್ತವನನ್ನು ತೋರಿಸುತ್ತದೆ. ಪಾಠ ಉಳಿದವರ ಹೊಣೆಯನ್ನು ಹೇಳುತ್ತದೆ. ಎರಡೂ ಒಂದೇ ಕಲ್ಲಿನಲ್ಲಿ, ಊರಿನವರೆಲ್ಲರ ಕಣ್ಣೆದುರಿಗೆ ಇದ್ದುದರಿಂದ ಹೊಣೆ ತಪ್ಪಿದರೆ ಬೆರಳು ಮಾಡಿ ತೋರಿಸುವುದಕ್ಕೆ ಸಾಕ್ಷಿಯಿತ್ತು. ದತ್ತಿಯನ್ನು ಅಳಿದವರಿಗೆ ತಟ್ಟುವ ಪಾಪವನ್ನು ಶಾಸನಗಳು ಹೇಳುವುದು ಇದೇ ಕಾರಣಕ್ಕೆ.

ಹಾಗೆಂದು ವೀರಗಲ್ಲನ್ನು ಆದರ್ಶವಾಗಿ ಎತ್ತಿ ಹಿಡಿಯುವುದೂ ಸರಿಯಾಗದು. ಅದರ ಮಿತಿಯನ್ನು ಆತಕೂರಿನ ಶಾಸನ ತಾನೇ ತೋರಿಸಿಕೊಡುತ್ತದೆ. ಶಕ 872ರ, ಅಂದರೆ ಕ್ರಿ.ಶ. 949–50ರ ಈ ಶಾಸನದ ಹಿನ್ನೆಲೆ ತಕ್ಕೋಲದ ಯುದ್ಧ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಒಂದು ಕಡೆ; ಚೋಳ ರಾಜಕುಮಾರ ರಾಜಾದಿತ್ಯ ಇನ್ನೊಂದು ಕಡೆ. ಯುದ್ಧದಲ್ಲಿ ಮೆರೆದ ಮಣಲೇರ, ಬೂತುಗನು ಬೇಕಾದುದನ್ನು ಕೇಳೆಂದಾಗ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಬೇಟೆಯಲ್ಲಿ ದೊಡ್ಡ ಹಂದಿಯೊಂದಿಗೆ ಕಾದಿ, ಹಂದಿಯೂ ನಾಯಿಯೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಭೂಮಿ ಬಿಟ್ಟದ್ದಾಯಿತು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಕಟ್ಟಳೆಯೂ ಸೇರಿತು. ಮನುಷ್ಯ ಮತ್ತು ಪ್ರಾಣಿಯ ಬಾಂಧವ್ಯದ ಅಪೂರ್ವ ದಾಖಲೆಯೆಂದು ಇದನ್ನು ಮೆಚ್ಚುವುದು ಯುಕ್ತವೇ. ಆದರೆ ಅದೇ ತಕ್ಕೋಲದ ಕಣದಲ್ಲಿ ಬಿದ್ದ ಕಾಲಾಳುಗಳ ಹೆಸರುಗಳನ್ನು ಈ ಕಲ್ಲು ಹೇಳುವುದಿಲ್ಲ. ಕಲ್ಲು ಸಿಗುತ್ತಿದ್ದುದು ಸತ್ತವರೆಲ್ಲರಿಗೂ ಅಲ್ಲ. ನಿಲ್ಲಿಸುವ ಒಡೆಯನೋ ಬಂಧುವೋ ಊರೋ ಇದ್ದವರಿಗೆ. ಮಣಲೇರನ ನಾಯಿಗೆ ಅಂಥ ಒಡೆಯನಿದ್ದನು.

ತಕ್ಕೋಲ ಇಂದು ತಮಿಳುನಾಡಿನ ಅರಕ್ಕೋಣದ ಸಮೀಪದ ಊರು. ಆ ಯುದ್ಧವನ್ನು ಕನ್ನಡದ ಆಕರದಿಂದ ಮಾತ್ರ ಓದಿದರೆ ಅರ್ಧವೇ ದೊರೆಯುತ್ತದೆ. ಆತಕೂರಿನ ಶಾಸನದಲ್ಲಿ ರಾಜಾದಿತ್ಯನು ಬೂತುಗನಿಂದ ಹತನಾದ ಶತ್ರು. ತಮಿಳು ಶಾಸನಗಳಲ್ಲಿ ಅವನೇ ‘ಆನೈಮೇಲ್ ತುಂಜಿನ’ ದೇವರು, ಎಂದರೆ ಆನೆಯ ಮೇಲೆ ಕಣ್ಣುಮುಚ್ಚಿದ ಅರಸು. ತುಂಜು ಎಂಬ ಕ್ರಿಯಾಪದಕ್ಕೆ ನಿದ್ರಿಸು ಎಂಬ ಅರ್ಥವೂ ಇದೆ. ಕೊಂದವನ ಹೆಸರಿಗೆ ಆ ಬಿರುದಿನಲ್ಲಿ ಎಡೆಯಿಲ್ಲ. ಇನ್ನೂ ಅನಂತರದ ಲೈಡನ್ ತಾಮ್ರಪಟಗಳು ಅವನನ್ನು ಕೊಂದ ಬಾಣಗಳು ಕೃಷ್ಣರಾಜನವೆಂದು ಹೇಳಿ, ಬೂತುಗನ ಮಾತನ್ನೇ ಎತ್ತುವುದಿಲ್ಲ. ಕನ್ನಡ ಶಾಸನದ ಒಂದು ಪದಪುಂಜವನ್ನು ಮೊದಲು ಓದಿದ ವಿದ್ವಾಂಸರಿಗೆ ಅಲ್ಲಿ ಮೋಸದ ಕೊಲೆ ಕಂಡಿತ್ತು. ಅನಂತರದ ಓದಿನಲ್ಲಿ ಅದು ಆನೆಯ ಮೇಲಿನ ಪೀಠವೇ ರಣರಂಗವಾಯಿತೆಂಬ ವರ್ಣನೆಯೆಂದು ತಿಳಿಯಿತು. ‘ಕಳ್ಳ’ ಎಂದು ಓದಬೇಕೋ ‘ಕಳ’ ಎಂದು ಓದಬೇಕೋ ಎಂಬ ಒಂದು ಒತ್ತಕ್ಷರದ ಪ್ರಶ್ನೆಯ ಮೇಲೆ, ಬೂತುಗ ವೀರನೋ ವಂಚಕನೋ ಎಂಬ ತೀರ್ಪು ನಿಂತಿತ್ತು. ಸತ್ತವರ ಬಗೆಗೆ ಮಾತನಾಡುವಾಗ ಪಾಠಶುದ್ಧಿ ಕೇವಲ ಪಾಂಡಿತ್ಯದ ವಿಷಯವಲ್ಲ, ನ್ಯಾಯದ ವಿಷಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಗಡಿನಾಡಿನ ಅಧ್ಯಯನಗಳಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯ ಹಿಂದುಮುಂದಿನ ವಾದವಿವಾದಗಳಲ್ಲಿ ಶಾಸನಗಳು ಸಾಕ್ಷಿಕಟ್ಟೆಗೆ ಬಂದವು. ಕನ್ನಡದ ಕಲ್ಲು ಸಿಕ್ಕಿದ ನೆಲ ಕನ್ನಡದ್ದು, ತಮಿಳು ಕಲ್ಲು ಸಿಕ್ಕಿದ್ದು ತಮಿಳಿನದು, ಮರಾಠಿಯದು ಸಿಕ್ಕಿದ್ದು ಮರಾಠಿಯದು ಎಂಬ ತರ್ಕ ಇಂದಿಗೂ ಪೂರ್ತಿ ಸತ್ತಿಲ್ಲ. ಅಲ್ಪಸಂಖ್ಯಾತರಾಗಿ ಉಳಿದ ಸಮುದಾಯ ತನ್ನ ಬೇರುಗಳನ್ನು ತೋರಿಸಲು ಕಲ್ಲಿನ ಬರಹವನ್ನು ಆಶ್ರಯಿಸುವುದು ಅರ್ಥವಾಗುವಂಥದ್ದೇ. ಆದರೆ ವೀರಗಲ್ಲಿನ ವಿಷಯದಲ್ಲಿ ಈ ಬಳಕೆಗೆ ಒಂದು ಬೆಲೆಯಿದೆ: ಹಸುಗಳನ್ನು ಮರಳಿ ತರಲು ಹೋಗಿ ಸತ್ತವನು ಸರಹದ್ದಿನ ಕಂಬವಾಗಿಬಿಡುತ್ತಾನೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳ ಸೀಮೆಯಲ್ಲಿ ಕನ್ನಡದ ವೀರಗಲ್ಲೂ ತಮಿಳಿನ ನಡುಕಲ್ಲೂ ಒಂದೇ ಭೂಭಾಗದಲ್ಲಿವೆ. ಕಾಟ್ಚಿ, ಕಾಲ್ಕೋಳ್, ನೀರ್ಪಡೈ, ನಡುದಲ್, ಪೆರುಂಬಡೈ, ವಾಳ್ತು ಎಂದು ತೊಲ್ಕಾಪ್ಪಿಯಂ ಕಲ್ಲು ನಿಲ್ಲಿಸುವ ಆರು ಹಂತಗಳನ್ನು ಎಣಿಸುತ್ತದೆ. ತಕ್ಕ ಕಲ್ಲನ್ನು ಹುಡುಕಿ ಕಾಣುವುದರಿಂದ ಹಿಡಿದು, ನೀರಿನಲ್ಲಿ ಶುದ್ಧಿಗೊಳಿಸಿ ನೆಟ್ಟು, ಎಡೆಯಿಟ್ಟು ಹರಸಿ ಹಾಡುವವರೆಗಿನ ಈ ಕ್ರಮವನ್ನು ತಿಳಿದವರಿಗೆ ಕನ್ನಡದ ಕಲ್ಲುಗಳ ಮುಂದಿನ ಪೂಜೆಯೂ ಹೆಚ್ಚು ಅರ್ಥವಾಗುತ್ತದೆ. ಎರಡು ಭಾಷೆ ಬಲ್ಲ ಓದುಗನಿಗೆ ದೊರೆಯುವ ಅನುಕೂಲ ಇದು. ಅದನ್ನು ಒಡೆತನದ ವ್ಯಾಜ್ಯಕ್ಕೆ ಸೀಮಿತಗೊಳಿಸುವುದು ವಿದ್ವತ್ತಿಗೂ ಸತ್ತವರಿಗೂ ಮಾಡುವ ಅನ್ಯಾಯ.

ಆಧುನಿಕ ಯುದ್ಧಸ್ಮಾರಕದ ಕಥೆ ಬೇರೆಯೇ ದಿಕ್ಕಿನಿಂದ ಆರಂಭವಾಗುತ್ತದೆ. ಅದರ ಮುಖ್ಯ ತತ್ತ್ವ ಹೆಸರುಗಳ ಸಮಾನತೆ: ಅಧಿಕಾರಿಯಾಗಲಿ ಸಿಪಾಯಿಯಾಗಲಿ, ಸತ್ತ ಪ್ರತಿಯೊಬ್ಬನಿಗೂ ಅಕ್ಷರದಲ್ಲಿ ಸ್ಥಾನ. ಮಹಾಯುದ್ಧಗಳ ಬ್ರಿಟಿಷ್ ಸಾಮ್ರಾಜ್ಯ ಈ ತತ್ತ್ವವನ್ನು ಘೋಷಿಸಿತು, ಎಲ್ಲೆಡೆ ಪಾಲಿಸಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟ್ ಮೇಲೆ ಕೆತ್ತಿದ ಹೆಸರುಗಳು ಹದಿಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು. ಮೆಸೊಪೊಟೇಮಿಯದ ಯುದ್ಧದಲ್ಲಿ ಸತ್ತವರಿಗಾಗಿ ನಿಂತ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳಿದ್ದವು; ಸಾಮಾನ್ಯ ಭಾರತೀಯ ಸಿಪಾಯಿಗಳು ತಮ್ಮ ತಮ್ಮ ರೆಜಿಮೆಂಟಿನ ಕೆಳಗೆ ಒಂದು ಸಂಖ್ಯೆಯಾಗಿದ್ದರು. 2021ರಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ವಿಶೇಷ ಸಮಿತಿ ಇದನ್ನು ಒಪ್ಪಿಕೊಂಡಿತು: ಭಾರತ, ಆಫ್ರಿಕ ಮೊದಲಾದ ಕಡೆಗಳ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಇನ್ನೂ 1,16,000 ಮಂದಿ, ಬಹುಶಃ 3,50,000ದವರೆಗೂ, ಹೆಸರಿನಿಂದ ಸ್ಮರಿಸಲ್ಪಟ್ಟೇ ಇಲ್ಲ. ಮಣಲೇರನ ನಾಯಿಗೆ ಕಾಳಿ ಎಂಬ ಹೆಸರು ಕಲ್ಲಿನಲ್ಲಿ ಉಳಿಯಿತು. ಸಾವಿರ ವರ್ಷಗಳ ಅನಂತರ ಬಸ್ರಾದಲ್ಲಿ ಸತ್ತ ಸಿಪಾಯಿಗೆ ಅಷ್ಟೂ ಉಳಿಯಲಿಲ್ಲ.

2019ರ ಫೆಬ್ರವರಿ 25ರಂದು ಉದ್ಘಾಟನೆಗೊಂಡ ದೆಹಲಿಯ ರಾಷ್ಟ್ರೀಯ ಯುದ್ಧಸ್ಮಾರಕವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದರ ತ್ಯಾಗಚಕ್ರದ ಗೋಡೆಗಳಲ್ಲಿ ಸ್ವತಂತ್ರ ಭಾರತದ ಯುದ್ಧಗಳಲ್ಲೂ ಕಾರ್ಯಾಚರಣೆಗಳಲ್ಲೂ ಮಡಿದ 25,000ಕ್ಕೂ ಹೆಚ್ಚು ಸೈನಿಕರಿಗೆ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕವಿದೆ. ಇಂಡಿಯಾ ಗೇಟಿನ ಕೆಳಗೆ 1972ರಿಂದ ಉರಿಯುತ್ತಿದ್ದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಇಲ್ಲಿಯ ಜ್ಯೋತಿಯೊಂದಿಗೆ ಸೇರಿಸಲಾಯಿತು. ಸಾಮ್ರಾಜ್ಯದ ಕಮಾನು ಕೊಡದ ಸಮಾನತೆಯನ್ನು ಈ ಫಲಕಗಳು ಕೊಟ್ಟಿವೆ. ವೀರಗಲ್ಲೂ ಅದನ್ನು ಕೊಟ್ಟಿರಲಿಲ್ಲ. ಇಲ್ಲಿ ಕಲ್ಲಿಗಾಗಿ ಒಡೆಯನ ಕೃಪೆ ಬೇಡ. ಇದು ನಿಜವಾದ ಗಳಿಕೆ, ಇದನ್ನು ಅಲ್ಲಗಳೆಯುವ ಹಳಹಳಿಕೆಗೆ ಅರ್ಥವಿಲ್ಲ.

ಕಳೆದದ್ದು ಬೇರೆ. ಫಲಕದಲ್ಲಿ ಹೆಸರಿದೆ, ಕಾಳಗದ ಕಾರಣವಿಲ್ಲ, ಸತ್ತ ಬಗೆಯಿಲ್ಲ, ಉಳಿದವರ ಸುದ್ದಿಯಿಲ್ಲ. ಅಷ್ಟು ಹೆಸರುಗಳ ನಡುವೆ ಅದು ಸಾಧ್ಯವೂ ಅಲ್ಲ. ಎರಡನೆಯ ಋಣ ಇಂದು ಕುಟುಂಬ ಪಿಂಚಣಿಯ ಕಡತಕ್ಕೆ ಸರಿದಿದೆ. ದತ್ತಿ ಹಕ್ಕಾಗಿ ಬದಲಾದುದು ಒಳ್ಳೆಯದೇ. ಆದರೆ ಸ್ಮಾರಕ ಒಂದು ಕಡೆ, ಕಡತ ಇನ್ನೊಂದು ಕಡೆ ಆದುದರಿಂದ ಹೂವಿಡುವವರ ಕಣ್ಣಿಗೆ ಹೊಣೆಯ ಪಾಠ ಬೀಳುವುದಿಲ್ಲ. ಜೋಳವಾಳಿಯ ಮಾತು ಭಾಷಣಗಳಲ್ಲಿ ದೇಶಭಕ್ತಿಯಾಗಿ ಉಳಿಯಿತು. ನೆತ್ತರುಕೊಡಗೆಯ ಮಾತು ಸಾರ್ವಜನಿಕ ಭಾಷೆಯಿಂದಲೇ ಮರೆಯಾಯಿತು.

ಇಂದಿನ ಶಬ್ದಗಳೇ ಇದಕ್ಕೆ ಸಾಕ್ಷಿ. ಕನ್ನಡ, ಮರಾಠಿ ಪತ್ರಿಕೆಗಳ ‘ಹುತಾತ್ಮ’, ಮಲಯಾಳದ ‘ವೀರಮೃತ್ಯು’, ತೆಲುಗಿನ ‘ಅಮರವೀರುಲು’, ಹಿಂದಿಯ ‘ಶಹೀದ್’ ಇವೆಲ್ಲ ಸಾವನ್ನು ಮುಚ್ಚಿ ಮಹಿಮೆಯನ್ನು ಮುಂದಿಡುವ ಪದಗಳು. ಹುತಾತ್ಮನೆಂದರೆ ತನ್ನನ್ನು ತಾನೇ ಆಹುತಿಯಾಗಿ ಕೊಟ್ಟವನು. ಕಳಿಸಿದವರ ಪ್ರಸ್ತಾಪಕ್ಕೆ ಆ ಸಮಾಸದಲ್ಲಿ ಜಾಗವಿಲ್ಲ. 2022ರಲ್ಲಿ ಭಾರತೀಯ ಸೇನೆಯೇ ಇಂಗ್ಲಿಷಿನ ‘ಮಾರ್ಟಿರ್’ ಪದವನ್ನು ಮಡಿದ ಸೈನಿಕರಿಗೆ ಬಳಸಬಾರದೆಂದು ತನ್ನವರಿಗೆ ಸೂಚಿಸಿತು. ಧರ್ಮಕ್ಕಾಗಿ ಪ್ರಾಣ ಕೊಟ್ಟವರಿಗೆ ಸಲ್ಲುವ ಪದ ಕರ್ತವ್ಯದಲ್ಲಿ ಸತ್ತವನಿಗೆ ಒಪ್ಪುವುದಿಲ್ಲವೆಂಬುದು ಅದರ ಹಿಂದಿನ ವಿವೇಕ. ‘ಕಾದಿ ಸತ್ತ’ ಎಂಬ ಎರಡು ಪದಗಳು ಆ ವಿವೇಕವನ್ನು ಎಂದೋ ಪಡೆದಿದ್ದವು.

ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ತಮಿಳು, ಮಲಯಾಳ, ತೆಲುಗು, ಕನ್ನಡದ ಮನೆಗಳಿಂದ ಬಂದವರು ಅಲ್ಲಿ ಒಂದೇ ಪಡೆಯಾಗುತ್ತಾರೆ. ‘ಅಡಿ ಕೊಲ್ಲು’ ಎಂಬ ಅವರ ರಣಘೋಷವನ್ನು ನಾಲ್ಕೂ ಭಾಷೆಯವರು ತಂತಮ್ಮ ಮಾತಿಗೆ ಹತ್ತಿರವೆಂದು ಕೇಳಬಲ್ಲರು. ಕಾಸರಗೋಡಿನವನೋ ತಾಳವಾಡಿಯವನೋ ಮಡಕಶಿರಾದವನೋ ಆದ ಕನ್ನಡಿಗ ಸೈನಿಕ ಸತ್ತಾಗ ಅವನು ದಾಖಲೆಯಲ್ಲಿ ಕೇರಳದವನು, ತಮಿಳುನಾಡಿನವನು, ಆಂಧ್ರದವನು. ಅದು ತಪ್ಪೂ ಅಲ್ಲ. ಆದರೆ ಅವನ ಮನೆಯಲ್ಲಿ ಅತ್ತ ಭಾಷೆ ಯಾವುದೆಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಎರಡು ಭಾಷೆಗಳ ನಡುವೆ ಬದುಕಿದವನನ್ನು ಯಾವ ಭಾಷೆಯ ಚರಿತ್ರೆಯೂ ತನ್ನವನೆಂದು ವಿವರವಾಗಿ ಬರೆದುಕೊಳ್ಳದೆ ಹೋಗುವ ಸಾಧ್ಯತೆ ಗಡಿನಾಡಿನಲ್ಲಿ ಹೆಚ್ಚು.

ಆದ್ದರಿಂದ ವೀರಗಲ್ಲಿನ ಪರಂಪರೆಯನ್ನು ಮುಂದುವರಿಸುವುದೆಂದರೆ ಊರ ಮುಂದೆ ಇನ್ನೊಂದು ಕಲ್ಲು ನಿಲ್ಲಿಸುವುದಷ್ಟೇ ಅಲ್ಲ. ದೆಹಲಿಯ ಫಲಕ ಹೆಸರನ್ನು ಉಳಿಸಿದೆ. ಯಾವ ಕಾಳಗ, ಹೇಗೆ ಸತ್ತ, ಯಾರನ್ನು ಬಿಟ್ಟುಹೋದ, ಅವರಿಗೆ ಸಲ್ಲಬೇಕಾದದ್ದು ಸಂದಿತೇ ಎಂಬ ಉಳಿದ ಸಾಲುಗಳನ್ನು ಆಯಾ ಊರು, ಆಯಾ ಮನೆಯ ಭಾಷೆಯಲ್ಲಿ ಬರೆಯಬೇಕಾಗಿದೆ. ಶತಮಾನಗಳ ಹಿಂದಿನ ಶಾಸನಗಳನ್ನು ಅಕ್ಷರ ಅಕ್ಷರವಾಗಿ ಸಂಪಾದಿಸಿದ ವಿದ್ವತ್ತು, 1962, 1965, 1971, 1999ರಲ್ಲಿ ಸತ್ತವರ ಮನೆಗಳಲ್ಲಿ ಉಳಿದಿರುವ ಪತ್ರಗಳನ್ನೂ ಮಾತುಗಳನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸಬೇಕಾದ ಕಾಲ ಇದು. ಕಲ್ಲು ಕಾಯಬಲ್ಲದು. 1962ರ ಸೈನಿಕನ ಹೆಂಡತಿ ಇಂದು ಎಂಬತ್ತು ದಾಟಿದ್ದಾಳೆ.