ಕಮಲಾಂಬಾ ನವಾವರಣ ಕೃತಿಗಳು: ಆಧ್ಯಾತ್ಮಿಕ ಗುಣದ ನೆಲೆ

ಶಾಸ್ತ್ರೀಯ ಸಂಗೀತವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ‘ದೈವಿಕ’ ಎಂಬ ವಿಶೇಷಣದಷ್ಟು ಸುಲಭವಾಗಿ ಬಳಕೆಯಾಗುವ ಮಾತು ಮತ್ತೊಂದಿರಲಾರದು. ಆ ಮಾತನ್ನು ಆಡಿದೊಡನೆ ವಿಮರ್ಶೆ ಅಲ್ಲಿಗೇ ನಿಂತುಬಿಡುತ್ತದೆ. ಭಕ್ತನಿಗೆ ಹೆಚ್ಚಿನ ವಿವರಣೆ ಬೇಕೆನಿಸುವುದಿಲ್ಲ. ಭಕ್ತನಲ್ಲದವನಿಗೆ ಪ್ರಶ್ನಿಸುವ ಧೈರ್ಯವಾಗುವುದಿಲ್ಲ. ವಿದ್ಯಾರ್ಥಿಗಳ ಮುಂದೆ ಇಂಥ ಮೌನ ಹಿತಕರವಲ್ಲ. ಒಂದು ಕೃತಿಯಲ್ಲಿ ಆಧ್ಯಾತ್ಮಿಕ ಗುಣವಿದೆಯೆಂದಾದರೆ ಅದು ಎಲ್ಲಿದೆ, ಕೇಳುವವನಿಗೆ ಹೇಗೆ ವೇದ್ಯವಾಗುತ್ತದೆ ಎಂಬುದನ್ನು ತೋರಿಸಿಕೊಡಲು ಸಾಧ್ಯವಾಗಬೇಕು. ಮುತ್ತುಸ್ವಾಮಿ ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ದೀಕ್ಷಿತರು 18ನೆಯ ಶತಮಾನದ ಉತ್ತರಾರ್ಧದಲ್ಲಿ ತಿರುವಾರೂರಿನಲ್ಲಿ ಜನಿಸಿ, 1835ರಲ್ಲಿ ಎಟ್ಟಯಪುರದಲ್ಲಿ ಕಾಲವಾದರು. ತಿರುತ್ತಣಿಯಲ್ಲಿ ಸುಬ್ರಹ್ಮಣ್ಯನು ವೃದ್ಧನ ರೂಪದಲ್ಲಿ ಬಂದು ಅವರ ಬಾಯಿಗೆ ಕಲ್ಲುಸಕ್ಕರೆಯನ್ನಿಟ್ಟನೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಇಂಥ ಐತಿಹ್ಯವು ಒಂದು ಸಮಾಜ ತನ್ನ ವಾಗ್ಗೇಯಕಾರನನ್ನು ಎಷ್ಟು ಆದರದಿಂದ ಕಂಡಿತೆಂಬುದಕ್ಕೆ ಸಾಕ್ಷಿಯೇ ಹೊರತು, ಕೃತಿಯ ಗುಣಕ್ಕೆ ಪ್ರಮಾಣವಾಗಲಾರದು. ನಮಗೆ ದೊರೆಯುವ ಮುಖ್ಯ ಆಧಾರವೆಂದರೆ ಅದೇ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗಿನಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’. ವಾಗ್ಗೇಯಕಾರರು ಗತಿಸಿ 69 ವರ್ಷಗಳಾದ ಮೇಲೆ ಅಚ್ಚಾದ ಸ್ವರಲಿಪಿ ಅದು. ಆದುದರಿಂದ ಗಮಕ, ಕಾಲಪ್ರಮಾಣಗಳ ಸೂಕ್ಷ್ಮಗಳನ್ನು ಕುರಿತು ಎಚ್ಚರದಿಂದ ಮಾತನಾಡಬೇಕಾಗುತ್ತದೆ. ಆದರೆ ರಾಗಗಳ ಅನುಕ್ರಮ, ಸಾಹಿತ್ಯದ ರಚನೆ ಇವುಗಳನ್ನು ಕುರಿತು ಅಷ್ಟು ಸಂಕೋಚ ಬೇಕಿಲ್ಲ.

ತಿರುವಾರೂರಿನ ತ್ಯಾಗರಾಜಸ್ವಾಮಿಯ ದೇವಾಲಯದಲ್ಲಿ ಸನ್ನಿಧಿಯುಳ್ಳ ಕಮಲಾಂಬೆಯೇ ಈ ಕೃತಿಗಳ ಅಧಿದೇವತೆ. ಆರಂಭದಲ್ಲಿ ತೋಡಿಯ ಧ್ಯಾನಕೃತಿ, ಕೊನೆಯಲ್ಲಿ ಶ್ರೀರಾಗದ ಮಂಗಳಕೃತಿ, ನಡುವೆ ಶ್ರೀಚಕ್ರದ 9 ಆವರಣಗಳಿಗೆ 9 ಕೃತಿಗಳು, ಒಟ್ಟು 11. ಹೊರಗಿನ ಭೂಪುರದಿಂದ ಹೊರಟು ದಳಗಳನ್ನೂ ತ್ರಿಕೋಣಗಳನ್ನೂ ದಾಟಿ ಒಳಗಿನ ಬಿಂದುವನ್ನು ಸೇರುವುದು ಶ್ರೀವಿದ್ಯೆಯ ಪೂಜಾಕ್ರಮ. ದೀಕ್ಷಿತರು ಅದೇ ಕ್ರಮವನ್ನು ಅನುಸರಿಸಿದ್ದಾರೆ. ಇದನ್ನು ಅನೇಕರು ವಿವರಿಸಿದ್ದಾರೆ; ಆದರೆ ವಿವರಣೆ ಸಾಮಾನ್ಯವಾಗಿ ಸಾಹಿತ್ಯದಲ್ಲಿ ಬರುವ ಚಕ್ರಗಳ, ಯೋಗಿನಿಯರ ಹೆಸರುಗಳಲ್ಲಿಯೇ ಮುಗಿದುಹೋಗುತ್ತದೆ. ಈ ಕ್ರಮವು ನಾದದಲ್ಲಿ ಏನಾಗಿದೆ ಎಂಬುದೇ ನಮಗೆ ಮುಖ್ಯವಾದ ಪ್ರಶ್ನೆ.

ಆವರಣಗಳ ರಾಗಗಳನ್ನು ಅನುಕ್ರಮವಾಗಿ ನೋಡೋಣ: ಆನಂದಭೈರವಿ, ಕಲ್ಯಾಣಿ, ಶಂಕರಾಭರಣ, ಕಾಂಭೋಜಿ, ಭೈರವಿ, ಪುನ್ನಾಗವರಾಳಿ, ಸಹಾನ, ಘಂಟಾ, ಆಹಿರಿ. ವಿಸ್ತಾರವಾದ ಆಲಾಪನೆಗೆ ಎಡೆಗೊಡುವ, ಮೂರು ಸ್ಥಾಯಿಗಳಲ್ಲಿಯೂ ಸಂಚರಿಸಬಲ್ಲ ಘನವಾದ ರಾಗಗಳೆಲ್ಲ 5ನೆಯ ಆವರಣದೊಳಗೇ ಮುಗಿಯುತ್ತವೆ. ಮುಂದಿನವು, ಹೋಲಿಸಿ ನೋಡಿದರೆ, ಅಲ್ಪ ವಿಸ್ತಾರದವು. ಸ್ವರಗಳ ವ್ಯಾಪ್ತಿಗಿಂತ ಹೆಚ್ಚಾಗಿ ಪ್ರಯೋಗಗಳ ವಕ್ರತೆಯಲ್ಲಿ, ಗಮಕದ ಸೂಕ್ಷ್ಮದಲ್ಲಿ ಜೀವವನ್ನಿಟ್ಟುಕೊಂಡಂಥವು. ಕಚೇರಿಯ ನ್ಯಾಯದಂತೆ ನೋಡಿದರೆ ಪರಮೋಚ್ಚ ಸ್ಥಾನವಾದ ಬಿಂದುವಿಗೆ ಕಲ್ಯಾಣಿಯಂಥ ರಾಗವನ್ನು ಇರಿಸಬೇಕಾಗಿತ್ತು. ದೀಕ್ಷಿತರು ಅಲ್ಲಿ ಆಹಿರಿಯನ್ನು ಇರಿಸಿದ್ದಾರೆ. ಒಳಕ್ಕೆ ಹೋದಂತೆ ಗರ್ಭಗೃಹ ಕಿರಿದಾಗುವ ಹಾಗೆ ರಾಗವೂ ಕಿರಿದಾಗುತ್ತದೆ. ವೈಭವ ಹಿಂದೆ ಉಳಿಯುತ್ತದೆ. ಮೊದಲನೆಯ ಆವರಣದ ಆನಂದಭೈರವಿಯು ಈ ಕ್ರಮಕ್ಕೆ ಪೂರ್ಣವಾಗಿ ಹೊಂದುವುದಿಲ್ಲವೆಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆದರೂ ಉಳಿದ 8 ಕೃತಿಗಳ ಜೋಡಣೆಯನ್ನು ಕೇವಲ ಆಕಸ್ಮಿಕವೆನ್ನಲು ಮನಸ್ಸು ಒಪ್ಪದು.

ಸಾಹಿತ್ಯದಲ್ಲಿಯೂ ಇಂಥದೇ ಒಂದು ಪಯಣವಿದೆ. ಮೊದಲನೆಯ ಆವರಣದಿಂದ 8ನೆಯದರವರೆಗೆ ಕ್ರಮವಾಗಿ ಪ್ರಥಮೆಯಿಂದ ಸಂಬೋಧನೆಯವರೆಗಿನ ವಿಭಕ್ತಿಗಳು ಬರುತ್ತವೆ. 9ನೆಯದರಲ್ಲಿ ಎಲ್ಲ ವಿಭಕ್ತಿಗಳೂ ಒಂದೆಡೆ ಸೇರುತ್ತವೆ. ಇದನ್ನು ಪಾಂಡಿತ್ಯದ ಚಮತ್ಕಾರವೆಂದು ಬದಿಗಿಡುವವರುಂಟು. ಆದರೆ ವಿಭಕ್ತಿಯೆಂದರೆ ಸಂಬಂಧವಲ್ಲವೆ? ದೇವಿಯು ಕರ್ತೃವಾಗಿ, ಕರ್ಮವಾಗಿ, ಸಾಧನವಾಗಿ, ಕೊನೆಗೆ ಎದುರಿಗೆ ನಿಂತು ಕರೆಯಬಹುದಾದವಳಾಗಿ ತೋರುತ್ತಾಳೆ. ಭಕ್ತನು ಭಗವಂತನೊಡನೆ ಹೊಂದಬಹುದಾದ ಸಂಬಂಧಗಳನ್ನೆಲ್ಲ ವ್ಯಾಕರಣವು ಮೊದಲೇ ಎಣಿಸಿಟ್ಟಿತ್ತು. ದೀಕ್ಷಿತರು ಅವನ್ನು ಒಂದೊಂದಾಗಿ ಹಾಡಿ ತೋರಿಸಿ, ಬಿಂದುವಿನಲ್ಲಿ ಒಟ್ಟುಗೂಡಿಸಿದರು.

ದೋಷವನ್ನೂ ಹೇಳದಿದ್ದರೆ ಅದು ವಿಮರ್ಶೆಯಾಗದು. ಪಾರಿಭಾಷಿಕ ಪದಗಳ ದಟ್ಟಣೆಯಿಂದ ಕೆಲವೆಡೆ ಸಾಹಿತ್ಯವು ಬರಿಯ ಪಟ್ಟಿಯಾಗಿಬಿಡುತ್ತದೆ. ದಾಸರ ಪದಗಳನ್ನು ಮನೆಯ ಮಾತಿನಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಈ ದೂರ ಇನ್ನೂ ಹೆಚ್ಚಾಗಿ ತೋರುತ್ತದೆ. ಪುರಂದರದಾಸರ ಪದ ಬೀದಿಯಲ್ಲಿ ನಿಂತು ಎಲ್ಲರನ್ನೂ ಕರೆಯುತ್ತದೆ. ದೀಕ್ಷಿತರ ಕೃತಿ ಬಾಗಿಲನ್ನು ಅರ್ಧವೇ ತೆರೆದಿರುತ್ತದೆ. ಹಾಗಾದರೆ ಮಂತ್ರೋಪದೇಶವಿಲ್ಲದ ಶ್ರೋತೃವಿಗೆ ಇಲ್ಲಿ ದೊರಕುವುದೇನೂ ಇಲ್ಲವೆ? ಇದೆಯೆಂಬುದೇ ನಮ್ಮ ಅಭಿಪ್ರಾಯ. ಮಾತು ಮುಚ್ಚಿಟ್ಟುದನ್ನು ಧಾತು ಬಿಚ್ಚಿಡುತ್ತದೆ. ಯೋಗಿನಿಯರ ಹೆಸರನ್ನು ಅರಿಯದವನೂ ಭೈರವಿಯಿಂದ ಪುನ್ನಾಗವರಾಳಿಗೆ ಬಂದಾಗ ತಾನೊಂದು ಹೊಸ್ತಿಲನ್ನು ದಾಟಿದೆನೆಂಬುದನ್ನು ಬಲ್ಲನು.

ಆದರೆ ಹಾಗೆ ಬಲ್ಲವನಾಗಲು ಅವನು ಎರಡನ್ನೂ ಒಂದರ ಹಿಂದೆ ಒಂದರಂತೆ ಕೇಳಿರಬೇಕು. ನವರಾತ್ರಿಯಲ್ಲಿ ದಿನಕ್ಕೊಂದು ಆವರಣದಂತೆ ಹಾಡುವ ಸಂಪ್ರದಾಯವೇನೋ ಇದೆ. ಕಚೇರಿಯಲ್ಲಾದರೋ ಸಾಮಾನ್ಯವಾಗಿ ಒಂದೇ ಕೃತಿ, ಅದೂ ವಿಸ್ತಾರಕ್ಕೆ ಒದಗುವ ಕಾಂಭೋಜಿಯೋ ಭೈರವಿಯೋ ಆಗಿರುತ್ತದೆ. ಅಂದರೆ ನಮ್ಮ ಸಭೆಗಳು ಹೊರಗಿನ ಪ್ರಾಕಾರಗಳಲ್ಲಿಯೇ ಪ್ರದಕ್ಷಿಣೆ ಮಾಡಿ ಹಿಂದಿರುಗುತ್ತಿವೆ. ಪಾಠ ಹೇಳುವವರಾದರೂ 11 ಕೃತಿಗಳನ್ನೂ ಕ್ರಮವಾಗಿ ಕೇಳಿಸಬೇಕು. ಹಾಗೆ ಕೇಳಿದ ವಿದ್ಯಾರ್ಥಿಯು ‘ದೈವಿಕ’ ಎಂಬ ಮಾತನ್ನು ಆಡಲಿ, ಆಡದಿರಲಿ. ಕಲ್ಯಾಣಿಯಿಂದ ಆಹಿರಿಯವರೆಗೆ ತಾನು ನಡೆದ ದಾರಿಯನ್ನಂತೂ ಅವನು ಹೇಳಬಲ್ಲವನಾಗುತ್ತಾನೆ.