ಮೊದಲ ದೀಪಾವಳಿಯ ಕಥೆಗಳು

ದೀಪಾವಳಿ ವಿಶೇಷಾಂಕದಲ್ಲಿ ಎರಡು ಬಗೆಯ ಕಥೆಗಳಿರುತ್ತವೆ. ಒಂದಕ್ಕೆ ಬಹುಮಾನ ಸಿಗುತ್ತದೆ, ಇನ್ನೊಂದಕ್ಕೆ ಓದುಗರು ಸಿಗುತ್ತಾರೆ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಗೆದ್ದ ಕಥೆಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅದೇ ಸಂಚಿಕೆಯ ಹಿಂಬದಿಯಲ್ಲಿ, ರೇಷ್ಮೆಸೀರೆ, ಚಿನ್ನದಂಗಡಿಗಳ ಜಾಹೀರಾತುಗಳ ನಡುವೆ ಅಚ್ಚಾಗುವ ನಗೆ-ಪ್ರೇಮಕಥೆಗೆ ಆ ಭಾಗ್ಯವಿಲ್ಲ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ‘ಸುಧಾ’, ‘ತರಂಗ’, ‘ಕರ್ಮವೀರ’ದ ಹಬ್ಬದ ಸಂಚಿಕೆಗಳು ಕೈಯಿಂದ ಕೈಗೆ ಓಡಾಡಿ, ರಕ್ಷಾಪುಟ ಹರಿದು, ಕೊನೆಗೆ ರದ್ದಿಯವನ ತಕ್ಕಡಿ ಏರುತ್ತಿದ್ದವು. ಅವುಗಳ ಜೊತೆಗೆ ಒಂದು ಸಾಹಿತ್ಯ ಪ್ರಕಾರವೂ ತೂಕಕ್ಕೆ ಹೋಯಿತು. ಅದು ಸಾಧಿಸಿದ್ದೇನು, ಎಲ್ಲಿ ಸೋತಿತು? ಅಂಥ ಕಥೆಗಳನ್ನು ಒಟ್ಟುಮಾಡಿ ಯಾವುದೋ ಒಳ್ಳೆಯ ಕೆಲಸದ ಸಹಾಯಾರ್ಥ ಪುಸ್ತಕ ತರುವುದಾದರೆ ಯಾವ ಅಳತೆಗೋಲು ಹಿಡಿಯಬೇಕು?

ಹಬ್ಬದ ಸಂಚಿಕೆ ನಮ್ಮೊಬ್ಬರದೇ ಸೊತ್ತಲ್ಲ. ಮರಾಠಿಯಲ್ಲಿ ‘ಮನೋರಂಜನ’ ಪತ್ರಿಕೆ 1909ರಲ್ಲೇ ದೀಪಾವಳಿ ಅಂಕ ತಂದಿತು; ಬಂಗಾಳಿಗಳಿಗೆ ಪೂಜಾ ಸಂಚಿಕೆಗಳಿವೆ; ಇಂಗ್ಲಿಷಿನವರಿಗೆ ಕ್ರಿಸ್‌ಮಸ್ ಕಥೆಗಳಿವೆ. ಆದರೆ ಪ್ರೇಮ ಎಲ್ಲಿ ಶುರುವಾಗುತ್ತದೆ ಎಂಬಲ್ಲಿ ನಮ್ಮ ಕಥೆ ಬೇರೆ ದಾರಿ ಹಿಡಿಯಿತು. ಕ್ರಿಸ್‌ಮಸ್ ಕಥೆಯಲ್ಲಿ ಅಪರಿಚಿತರಿಬ್ಬರು ರಜೆಯಲ್ಲಿ ಎದುರಾಗಿ, ಜಗಳವಾಡಿ, ಹಿಮ ಬೀಳುವ ಹೊತ್ತಿಗೆ ಒಂದಾಗುತ್ತಾರೆ. ವಿಶೇಷಾಂಕದ ಕಥೆ ಹೆಚ್ಚಾಗಿ ತಾಳಿ ಕಟ್ಟಿದ ಮೇಲೆ ಆರಂಭವಾಗುತ್ತದೆ. ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಬಂದಿದ್ದಾನೆ. ನೀರು ತುಂಬಿದ ಹಂಡೆ, ನರಕ ಚತುರ್ದಶಿಯ ಎಣ್ಣೆ-ನೀರು, ಹೊಸ ಪಂಚೆ, ನಾದಿನಿಯರ ಕೀಟಲೆ, ಪಟಾಕಿಗೆ ದುಡ್ಡು ಕೇಳುವ ಚಿಳ್ಳೆಪಿಳ್ಳೆಗಳು, ಎಲೆಯ ಮುಂದೆ ಬಿಡದೆ ಬಡಿಸುವ ಅತ್ತೆ. ಹೆಂಡತಿ ಅದೇ ಮನೆಯಲ್ಲಿದ್ದಾಳೆ, ಬಳೆಯ ಸದ್ದು ಕೇಳುತ್ತಿದೆ, ಆದರೆ ಅವಳ ಜೊತೆ ಎರಡು ಮಾತಾಡಲು ಒಂದು ಮೂಲೆಯೂ ಖಾಲಿಯಿಲ್ಲ. ಇದಕ್ಕೊಂದು ಜೊತೆ ಕಥೆಯೂ ಉಂಟು: ಆಷಾಢಕ್ಕೆ ತವರಿಗೆ ಹೋದ ಹೊಸ ಹೆಂಡತಿಯನ್ನು ನೋಡಲು ಗಂಡ ಹೂಡುವ ನೆಪಗಳದು.

ಇಲ್ಲಿ ಖಳನಾಯಕ ಬೇಕಿಲ್ಲ. ಪ್ರೀತಿಸುವ ಜನರೇ ಪ್ರೀತಿಗೆ ಅಡ್ಡ ನಿಂತಿರುತ್ತಾರೆ, ಅದೂ ಉಪಚಾರದ ಹೆಸರಿನಲ್ಲಿ. ಇಬ್ಬರು ಅಪರಿಚಿತರು ಹೇಗೆ ಗಂಡ-ಹೆಂಡತಿ ಆಗುತ್ತಾರೆ ಎಂಬ ದೊಡ್ಡ ಪ್ರಶ್ನೆಯನ್ನು ಈ ಕಥೆಗಳು ಒಂದು ಲೋಟ ಕಾಫಿ, ಒಂದು ಕದ್ದ ನೋಟದಲ್ಲಿ ಇಟ್ಟು ತೋರಿಸಿದವು. ಗಂಭೀರ ಕಾದಂಬರಿಗಳು ದಾಂಪತ್ಯದ ಬಿರುಕನ್ನು ಹುಡುಕುತ್ತಿದ್ದ ಕಾಲದಲ್ಲಿ ದಾಂಪತ್ಯದ ಮೊದಲ ನಾಚಿಕೆಯನ್ನು ಕಾಪಾಡಿದ್ದು ಈ ಬರಹ. ನವ್ಯದ ಅಳತೆಗೋಲಿಗೆ ಇದು ಸಿಗಲಿಲ್ಲ ಎಂದರೆ ಅಳತೆಗೋಲು ಚಿಕ್ಕದಿತ್ತು ಎಂದೇ ನನ್ನ ಅಭಿಪ್ರಾಯ.

ಈ ಪರಂಪರೆಯ ಬೇರು ಈ ಪತ್ರಿಕೆಗಳಿಗಿಂತ ಹಿಂದಿನದು. ಮಾಸ್ತಿಯವರ ‘ರಂಗನ ಮದುವೆ’ 1910ರ ಕಥೆ. ಕನ್ನಡ ಸಣ್ಣಕಥೆಯ ಆರಂಭದ ಹೆಗ್ಗುರುತುಗಳಲ್ಲಿ ಒಂದಾದ ಅದನ್ನು ನಾನು ನಗೆ-ಪ್ರೇಮಕಥೆಯೆಂದೇ ಓದುತ್ತೇನೆ. ಬೆಂಗಳೂರಲ್ಲಿ ಓದಿದ ರಂಗ ಹೊಸಹಳ್ಳಿಗೆ ಮರಳುತ್ತಾನೆ. ಇಂದಿನ ನೇರಳೆ ಮೆಟ್ರೊ ಮಾರ್ಗದಲ್ಲಿ ವಿಜಯನಗರಕ್ಕೆ ಮುಂಚೆ ಬರುವ ಹೊಸಹಳ್ಳಿಯಲ್ಲ ಅದು, ಮಾಸ್ತಿಯವರ ಕಲ್ಪನೆಯ ಹಳೆಯ ಮೈಸೂರಿನ ಊರು. ಸಣ್ಣ ಹುಡುಗಿಯನ್ನು ಮದುವೆಯಾಗಲಾರೆ ಎಂಬುದು ರಂಗನ ಸಿದ್ಧಾಂತ. ಕಥೆ ಹೇಳುವ ಶ್ಯಾಮ ರತ್ನಳ ಹಾಡು ಅವನ ಕಿವಿಗೆ ಬೀಳುವಂತೆ ಮಾಡುತ್ತಾನೆ, ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ ಅವನ ಮುಖ ಬಾಡಿಸುತ್ತಾನೆ, ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಕವಡೆ ಹಾಕಿಸುತ್ತಾನೆ. ರಂಗ ತಾನೇ ಆರಿಸಿಕೊಂಡೆ ಎಂದುಕೊಳ್ಳುತ್ತಾನೆ, ಊರು ಆರಿಸಿಯಾಗಿರುತ್ತದೆ. ಮುಂದೆ ವಿಶೇಷಾಂಕಗಳಲ್ಲಿ ಬಂದ ಎಷ್ಟೋ ಕಥೆಗಳ ಯಂತ್ರ ಇಲ್ಲೇ ಪೂರ್ತಿ ಜೋಡಣೆಯಾಗಿದೆ.

ಪ್ರಕಾರದ ದೋಷಗಳೂ ಅಲ್ಲೇ ಇವೆ. ರಂಗ ಬಂದಾಗ ಮುದುಕಿಯೊಬ್ಬಳು ಅವನ ಎದೆ ಸವರಿ ಜನಿವಾರ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಾಳೆ. ಜಾತಿ ಭದ್ರವಾಗಿದೆ ಎಂದು ಗೊತ್ತಾದ ಮೇಲೆ ನಗುವಿಗೆ ಅಪ್ಪಣೆ. ರತ್ನಳಿಗೆ ಹನ್ನೊಂದು ವರ್ಷ. ಮೈಸೂರು ಸಂಸ್ಥಾನದ 1894ರ ಶಿಶುವಿವಾಹ ತಡೆ ಕಾನೂನು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು, ಹನ್ನೊಂದರ ಹುಡುಗಿಯನ್ನು ಯುವಕನಿಗೆ ಕೊಡುವುದನ್ನಲ್ಲ; ಹಾಗಾಗಿ ಆ ಮದುವೆ ಕಾನೂನಿನ ಒಳಗೇ ಇತ್ತು. ಆದರೆ ಎಲ್ಲರ ಮನಸ್ಸನ್ನೂ ಅಷ್ಟು ನಾಜೂಕಾಗಿ ಓದುವ ಶ್ಯಾಮ ರತ್ನಳ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಅವಳು ಹಾಡುತ್ತಾಳೆ, ಅವನನ್ನು ಕಂಡು ಹಾಡು ನಿಲ್ಲಿಸುತ್ತಾಳೆ. ಮಾಸ್ತಿಯವರ ಕಲೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದಕ್ಕಾಗಿಯೇ ಈ ಮೌನ ಕಿವಿಗೆ ಜೋರಾಗಿ ಕೇಳುತ್ತದೆ.

ಆ ಮೌನ ಒಡೆಯಲು ‘ಕೊರವಂಜಿ’ ಬರಬೇಕಾಯಿತು. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಪತ್ರಿಕೆಯದು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಅದರ ಪುಟಗಳಲ್ಲಿ ಬೆಳೆದ ಟಿ. ಸುನಂದಮ್ಮ ಅಡುಗೆಮನೆಯ ಕಡೆಯಿಂದ ನಕ್ಕರು. ಅಲ್ಲಿಯವರೆಗೆ ಗಂಡ ಹೆಂಡತಿಯನ್ನು ನೋಡಿ ನಗುತ್ತಿದ್ದ; ಇನ್ನು ಹೆಂಡತಿ ಗಂಡನ ಗತ್ತನ್ನು, ತನ್ನ ಆಸೆಗಳನ್ನು, ನೆರೆಯವರ ಜಂಬವನ್ನು ನೋಡಿ ನಕ್ಕಳು. ಈ ಒಂದು ತಿರುವಿಗೆ ನಮ್ಮ ನಗೆಸಾಹಿತ್ಯ ಎಷ್ಟು ಋಣಿಯಾಗಿದ್ದರೂ ಸಾಲದು. ನಂತರ 1983ರಲ್ಲಿ ಬಂದ ‘ಅಪರಂಜಿ’ ಆ ಮನೆತನವನ್ನು ಮುಂದುವರಿಸಿತು.

ಆಮೇಲಿನ ದಶಕಗಳಲ್ಲಿ ಸೂತ್ರ ಸವೆಯಿತು. ವಧುಪರೀಕ್ಷೆಯ ಕೇಸರಿಬಾತ್, ಕಂಜೂಸ್ ಮಾವ, ಕಿವುಡು ಅಜ್ಜಿ ಮತ್ತೆ ಮತ್ತೆ ಬಂದವು. ಮನೆ ಬದಲಾದರೂ ಕಥೆ ಬದಲಾಗಲಿಲ್ಲ. ಪಶ್ಚಿಮ ಬೆಂಗಳೂರಿನ ಹಬ್ಬ ಈಗ ಕಾಣಬೇಕೆಂದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹಬ್ಬದ ಹಿಂದಿನ ರಾತ್ರಿ ಹೋಗಬೇಕು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಡುಗಿಯರು, ಪಿ.ಜಿ.ಗಳಲ್ಲಿ ಇರುವ ಹುಡುಗರು ಚೀಲ ತಬ್ಬಿಕೊಂಡು ಮಂಡ್ಯ, ಮೈಸೂರಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಊರಿನಲ್ಲಿ ಮಾತಾಗಿರುವ ಸಂಬಂಧ ಒಂದು, ಇಲ್ಲಿ ಮನಸ್ಸು ಕೊಟ್ಟ ಸಂಬಂಧ ಇನ್ನೊಂದು, ನಡುವೆ ಜಾತಿ, ಸಂಬಳ, ರಜೆಯ ಲೆಕ್ಕ. ನಗುವಿಗೂ ಪ್ರೇಮಕ್ಕೂ ಇದಕ್ಕಿಂತ ಫಲವತ್ತಾದ ನೆಲ ಎಲ್ಲಿದೆ? ವಿಶೇಷಾಂಕದ ಹಾಸ್ಯಕಥೆ ಈ ಸಾಲಿನಲ್ಲಿ ನಿಂತದ್ದು ತೀರಾ ಕಡಿಮೆ.

ಇನ್ನು ಸಹಾಯಾರ್ಥದ ಮಾತು. ಕಂಪನಿ ನಾಟಕಗಳ ಕಾಲದಿಂದಲೂ ನಾವು ಶಾಲೆಯ ಕಟ್ಟಡಕ್ಕೋ ಬಡ ಕಲಾವಿದನಿಗೋ ಟಿಕೆಟ್ ಕೊಂಡವರು. ಆ ದಿನದ ನಾಟಕ ಹೇಗಿತ್ತು ಎಂದು ಕೇಳುವುದು ಮರ್ಯಾದೆಯಲ್ಲ ಎಂಬ ಭಾವನೆಯೂ ಅದರೊಂದಿಗೇ ಬಂತು. ಪುಸ್ತಕಕ್ಕೆ ಇದು ಅಪಾಯ. ಹಣ ಹೋಗುವ ಜಾಗ ಒಳ್ಳೆಯದು ಎಂಬ ಕಾರಣಕ್ಕೆ ಸಡಿಲ ಕಥೆ ಒಳಗೆ ನುಸುಳಿದರೆ ಓದುಗ ಒಮ್ಮೆ ಕೊಳ್ಳುತ್ತಾನೆ, ಮುಂದಿನ ಸಲ ನೇರವಾಗಿ ದೇಣಿಗೆ ಕೊಟ್ಟು ಸುಮ್ಮನಾಗುತ್ತಾನೆ.

ನಮ್ಮಲ್ಲಿ ಹಬ್ಬದ ಕಥೆಗೂ ದಾನಧರ್ಮಕ್ಕೂ ನಂಟು ಹಳೆಯದು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ಗಳನ್ನು ಹೊರತಂದ ಲೋಕಶಿಕ್ಷಣ ಟ್ರಸ್ಟ್ 1935ರಲ್ಲಿ ಸ್ಥಾಪನೆಯಾದದ್ದೇ ಜನರಿಗೆ ತಿಳಿವಳಿಕೆ ಕೊಡಲು. ಅದರ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪತ್ರಿಕೆ ಪ್ರಕಟಿಸುವುದು ಕಾನೂನಿನ ಅರ್ಥದಲ್ಲಿ ಶಿಕ್ಷಣವಲ್ಲ, ಅದರಲ್ಲಿ ಲಾಭದ ಚಟುವಟಿಕೆ ಇದೆ ಎಂದು 1975ರಲ್ಲಿ ತೀರ್ಪಾಯಿತು. ಕಾನೂನಿನ ವಿಚಾರ ಕಾನೂನಿಗಿರಲಿ. ಊರು ಬಿಟ್ಟು ಬಂದು ವಿಜಯನಗರದಲ್ಲಿ ಬಾಡಿಗೆ ಮನೆ ಹಿಡಿದ ಹೊಸ ದಂಪತಿಗೆ, ಒಬ್ಬರನ್ನೊಬ್ಬರು ನೋಡಿ ನಗಬಹುದು ಎಂದು ಹೇಳಿಕೊಟ್ಟದ್ದು ಆ ಪುಟಗಳೇ ಎಂದು ನಾನು ನಂಬುತ್ತೇನೆ.

ಹಾಗಾಗಿ ಸಹಾಯಾರ್ಥ ಸಂಕಲನ ಮಾಡುವವರು ಹೊಸ ಕಥೆಗಳನ್ನು ಅವಸರದಲ್ಲಿ ಬರೆಸುವ ಮೊದಲು ಹಳೆಯವನ್ನು ಹುಡುಕಲಿ. ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವುದು ಇಂಥ ಕೆಲಸಕ್ಕೂ ಒದಗಬೇಕು. ‘ಕೊರವಂಜಿ’ಯ ಹಳೆಯ ಸಂಚಿಕೆಗಳು ಡಿಜಿಟಲ್ ರೂಪದಲ್ಲಿ ಉಳಿದಿವೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಬರಹಗಳಿಗೆ ಅನುಮತಿ ಬೇಕಿಲ್ಲ. 1963ರಲ್ಲಿ ಅಗಲಿದ ತ್ರಿವೇಣಿಯವರ ಕಥೆಗಳು 2024ರಿಂದ ಹಾಗೆ ಮುಕ್ತವಾಗಿವೆ. 1984ರಲ್ಲಿ ತೀರಿಕೊಂಡ ರಾಶಿಯವರ, 2006ರಲ್ಲಿ ತೀರಿಕೊಂಡ ಸುನಂದಮ್ಮನವರ ಬರಹಗಳಿಗೆ ಹಕ್ಕುದಾರರನ್ನು ಕೇಳಬೇಕು, ಕೇಳಲೇಬೇಕು. ಪ್ರತಿ ಕಥೆಯ ಕೆಳಗೆ ಮೊದಲು ಅಚ್ಚಾದ ಸಂಚಿಕೆ, ವರ್ಷ ಇರಲಿ. ಹಳೆಯವು ಒಟ್ಟಾದ ಮೇಲೆ ಹೊಸಬರನ್ನು ಕರೆಯೋಣ: ಸ್ಯಾಟಲೈಟ್ ನಿಲ್ದಾಣದ ಸಾಲಿನಿಂದ ಒಂದು ಕಥೆ ಬೇಕು, ರತ್ನಳೇ ಹೇಳುವಂಥದ್ದು ಇನ್ನೊಂದು. ಸಂಪಾದಕರಿಗೆ ಅವು ಹಿಡಿಸದಿದ್ದರೆ, ಹಣ ಯಾವ ಆಸ್ಪತ್ರೆಗೇ ಹೋಗುವುದಿರಲಿ, ತಿರುಗಿ ಕಳಿಸುವ ಧೈರ್ಯ ಅವರಿಗಿರಲಿ.